ಚೂರುಗಳ ಸೋಪು

ಅಮ್ಮಾ,

ಇವತ್ತು ಆಫೀಸಿನಲ್ಲಿ ಸವೆದ ಸೋಪಿನ ಚೂರುಗಳನ್ನು ತುರಿದು, ಬಿಸಿನೀರಲ್ಲಿ ಕಲಸಿ ಹೊಸ ಸೋಪು ಮಾಡಿ ತೋರಿಸಿದೆ. ಕಸ ಕಡಿಮೆ ಮಾಡುವ ವಾರವಂತೆ, ಬೇಡವೆಂದರೂ ನನ್ನ ತಲೆಗೇ ಕಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾರ್ ಹೇಳ್ಕೊಟ್ರು ಮೇಡಂ?" ಎಂದಳು ಪಕ್ಕದ ಮೇಜಿನ ಹುಡುಗಿ.

"ಮೊಬೈಲಲ್ಲಿ ನೋಡ್ದೆ" ಅಂದುಬಿಟ್ಟೆ. ನೀನು ಹೋಗಿ ಎರಡು ವರ್ಷವಾದರೂ ನನಗಿನ್ನೂ ಬುದ್ಧಿ ಬಂದಿಲ್ಲ.

ಚಿಕ್ಕವಳಿದ್ದಾಗ ಗೆಳತಿಯರು ಮನೆಗೆ ಬಂದಾಗಲೆಲ್ಲ, ನೀನು ಚೂರುಗಳಿಂದ ಮಾಡಿದ ಬಣ್ಣಬಣ್ಣದ ಸೋಪಿನ ಉಂಡೆಯನ್ನು ಬಕೆಟ್ಟಿನ ಹಿಂದೆ ಬಚ್ಚಿಡುತ್ತಿದ್ದೆ. ಅವರು ಹೋದಮೇಲೆ ನೀನೇ ಅದನ್ನು ತೆಗೆದು ಜಾಗದಲ್ಲಿಡುತ್ತಿದ್ದೆ.

ಸಾಕಾಗಿ ಮನೆಗೆ ಬಂದು ಇವತ್ತಿನ ಸೋಪಿನಲ್ಲಿ ಕೈ ತೊಳೆದೆ. ಎರಡು ಸಲ ಉಜ್ಜುವಷ್ಟರಲ್ಲಿ ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡಿತು. ನಿನ್ನದು ತಿಂಗಳು ಬಾಳುತ್ತಿತ್ತು. ಮೊಬೈಲಲ್ಲಿ ಹುಡುಕಲು ಮನಸ್ಸಾಗಲಿಲ್ಲ.

ನೀನು ಎಷ್ಟು ದಿನ ಒಣಗಿಸುತ್ತಿದ್ದೆ, ಅಮ್ಮಾ?