ಮೂಲೆಯ ಎರಡನೇ ಹೊಲಿಗೆ ಯಂತ್ರ

ಮಾರ್ಚ್ ೧೪, ಗುರುವಾರ

ಹೊಲಿಯಲು ಕೊಟ್ಟಿದ್ದ ಕೋಟು ಇವತ್ತೂ ಸಿಗಲಿಲ್ಲ. ಕೋಟಿನ ಮಾತು ಹಾಗಿರಲಿ.

ಹೊಲಿಗೆಯವಳ ಅಂಗಡಿಯಲ್ಲಿ ಈಗ ಒಂದೇ ಯಂತ್ರ. ಇನ್ನೊಂದು ಇದ್ದ ಮೂಲೆಯಲ್ಲಿ, ನೆಲದ ಮೇಲೆ ಅದರ ಕಾಲಿನ ಗುರುತು ಮಾತ್ರ ಉಳಿದಿದೆ.

“ಮಾರಿಬಿಟ್ಟೆ ಅಕ್ಕಾ, ಷೇರು ತಗೊಂಡೆ. ದುಡ್ಡು ಸುಮ್ನೆ ಕೂರಬಾರದು, ದುಡೀಬೇಕು ಅಂತ ನೀವೇ ಹೇಳಿದ್ರಲ್ಲ!”

ಹೇಳಿದ್ದೆ. ನಮ್ಮ ಷೇರುಪೇಟೆ ಕಚೇರಿ ಊರಿನವರಿಗೆ ನಡೆಸಿದ ತರಬೇತಿಯಲ್ಲಿ, ಮೈಕು ಹಿಡಿದು, ದೇಶ ಬೆಳೆಯುವುದೇ ಹೀಗೆ ಎಂದು ಹೇಳಿದ್ದೆ. ಆದರೆ ಆ ಯಂತ್ರ ದುಡಿಯುತ್ತಲೇ ಇತ್ತಲ್ಲ ತಾಯಿ! ಅದರ ಮುಂದೆ ಕೂತು ಅವಳ ನಾದಿನಿ ದಿನಕ್ಕೆ ಆರು ಅಂಗಿ ಹೊಲಿಯುತ್ತಿದ್ದಳು.

“ನಾದಿನಿ ಎಲ್ಲಿ?” ಎಂದೆ.

“ಮನೇಲೇ ಇದಾಳೆ, ಇಲ್ಲೇನು ಕೆಲಸ? ಆದ್ರೆ ಷೇರು ಏರಿದೆ ಅಕ್ಕಾ!”

ಅವಳ ಮುಖ ಅರಳಿತ್ತು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಕೋಟಿಗೆ ಕಾಸೂ ಬೇಡವಂತೆ, ದಾರಿ ತೋರಿಸಿದವರ ಹತ್ತಿರ ತಗೊಳ್ಳಲ್ಲವಂತೆ.

ಬೆಳಿಗ್ಗೆಯಷ್ಟೇ ನನ್ನ ತರಬೇತಿಯ ವರದಿ ನೋಡಿ ಸಾಹೇಬರು ಶಭಾಷ್ ಎಂದಿದ್ದರು. ಈ ವರ್ಷ ನಾನ್ನೂರ ಹನ್ನೆರಡು ಹೊಸ ಹೂಡಿಕೆದಾರರು. ಅವರಲ್ಲಿ ಇವಳೂ ಒಬ್ಬಳು. ನಾಳೆ ಆ ವರದಿಗೆ ಸಹಿ ಹಾಕಬೇಕು. ನಿಂತುಹೋದ ಹೊಲಿಗೆಯನ್ನು ಬರೆಯಲು ಅದರಲ್ಲಿ ಜಾಗವಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೇ?

ಉಳಿದ ನಾನ್ನೂರ ಹನ್ನೊಂದು ಜನ ಏನೇನು ಮಾರಿದರೋ. ನಾನು ಕೇಳಲೇ ಇಲ್ಲ.