ಅಕ್ಕನ ಮಿದುಳಿನ ಎರಡನೆಯ ಚಿತ್ರ

ಕ್ರಿಸ್ತಶಕ ೨೧೭೧, ಶ್ರಾವಣ, ಮಂಗಳವಾರ
ಮಲಪ್ರಭೆಯ ದಂಡೆ

ಹಿಂದಿನ ಕಾಲದವರಿಗೆ,

ನೀವು ನನ್ನ ಮುತ್ತಜ್ಜನಿಗೂ ಹಿರಿಯರು. ಆದರೆ ಇದನ್ನು ಓದುವಾಗ ನಿಮ್ಮಲ್ಲಿ ಬಹಳ ಮಂದಿ ನನಗಿಂತ ಚಿಕ್ಕ ವಯಸ್ಸಿನವರೇ, ನನಗೆ ಅರವತ್ತೆಂಟು. ಆದ್ದರಿಂದ ನಮಸ್ಕಾರ, ಆಶೀರ್ವಾದ ಎರಡನ್ನೂ ಕಳಿಸಿದ್ದೇನೆ, ಬೇಕಾದ್ದನ್ನು ಇಟ್ಟುಕೊಳ್ಳಿ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅಕ್ಷರ ಮಾತ್ರ ತಾಲ್ಲೂಕಿನಲ್ಲೇ ಇಷ್ಟು ದುಂಡಗೆ ಯಾರೂ ಬರೆಯುವುದಿಲ್ಲ.

ನಮ್ಮಲ್ಲಿ ಸಂತೆಯ ದಿನ ನೆರಳುಬಂಡಿ ಬರುತ್ತದೆ. ಬಿಸಿಲು ಈಗ ಮೈ ಸುಡುವಷ್ಟು ಆಗಿರುವುದರಿಂದ, ಚಾವಣಿ ಬಿಚ್ಚಿ ಬೀದಿಗೆಲ್ಲ ನೆರಳು ಹಾಸುತ್ತ ಸಾಗುವ ವಾಹನ ಅದು. ಜನ ಅದರ ಹಿಂದೆಯೇ ಬದನೆಕಾಯಿ ಕೊಳ್ಳುತ್ತ ನಡೆಯುತ್ತಾರೆ. ಚೌಕಾಶಿಗೆ ನಿಂತವರು ಬಿಸಿಲಿಗೆ ಬೀಳುತ್ತಾರೆ. ನಡೆಯುತ್ತಲೇ ಚೌಕಾಶಿ ಮಾಡಿ ಗೆಲ್ಲುವವನು ನಾನೊಬ್ಬನೇ. ಸಂತೆಯ ಆಚೆ ಕಿರಣಮನೆ ಇದೆ. ಕ್ಯಾನ್ಸರಿಗೆ ಅಲ್ಲಿ ಕಿರಣ ಹಾಯಿಸುತ್ತಾರೆ. ನಿಮ್ಮ ಕಾಲದ ಜನ ಕರೆಂಟು ಕೊಡಿಸುವುದು ಎನ್ನುತ್ತಿದ್ದರಂತೆ. ಪಕ್ಕದ ಕೋಣೆಯಲ್ಲಿ ಮಿದುಳುಗನ್ನಡಿ. ಅದರೊಳಗೆ ತಲೆಯಿಟ್ಟು ಮಲಗಿದರೆ ಒಳಗಿನ ಚಿತ್ರ ಬರುತ್ತದೆ. ನಿಮ್ಮ ಎಂಆರ್‌ಐ ಯಂತ್ರದ ಮರಿಮಗಳು ಎನ್ನಿ, ಆದರೆ ಸದ್ದು ಮಾಡುವುದಿಲ್ಲ.

ನನ್ನ ಅಕ್ಕ ನೀಲಗಂಗವ್ವನ ತಲೆಯಲ್ಲಿ ಗಂಟು ಬೆಳೆದಿತ್ತು. ಕಿರಣ ಶುರುವಾಗುವ ಮೊದಲು ಒಂದು ಚಿತ್ರ ತೆಗೆದರು, ಅರ್ಧ ಮುಗಿದಾಗ ಇನ್ನೊಂದು. ಎರಡನೆಯದು ಸುಮ್ಮನೆ ದಂಡ ಎಂದು ನಾನು ಕಿರಣಮನೆಯ ರುಬೀನಾ ಡಾಕ್ಟರಿಗೆ ಭಾಷಣ ಮಾಡಿದೆ. ಅಕ್ಕ ಎಂದಿನಂತೆ ರೊಟ್ಟಿ ತಟ್ಟುತ್ತಿದ್ದಳು, ಬಂದವರನ್ನೆಲ್ಲ ಯಪ್ಪಾ, ಯವ್ವಾ, ತಂಗೀ ಎಂದು ಬಾಯಿತುಂಬ ಮಾತಾಡಿಸುತ್ತಿದ್ದಳು, ನನ್ನನ್ನು ಬೈಯುವುದರಲ್ಲೂ ಏನೂ ಕಡಿಮೆ ಮಾಡಿರಲಿಲ್ಲ. ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಗಂಟು ಕುಗ್ಗಿತ್ತು. ಅದರ ಮಗ್ಗುಲಲ್ಲಿ, ನೆನಪು ಕೂಡಿಡುವ ಜಾಗವೂ ಬಾಡಿತ್ತು. ಆಮೇಲೆ ನನ್ನತ್ತ ಕೈತೋರಿಸಿ ಅಕ್ಕನನ್ನು ಕೇಳಿದರು: "ಅವ್ವಾರ, ಇವರ ಹೆಸರೇನ್ರಿ?"

ಅಕ್ಕ ನಕ್ಕಳು. "ನನ್ನ ತಮ್ಮನ್ರೀ. ಇವನ ಹೆಸರು ಊರಿಗೆಲ್ಲ ಗೊತ್ತೈತಿ, ನನ್ನ ಯಾಕ ಕೇಳ್ತೀರಿ?"

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಂದು ನನ್ನ ಹೆಸರನ್ನಷ್ಟೇ ಹೇಳಿಕೊಡಲು ಹೋದೆ, ಡಾಕ್ಟರು ಕೈಯೆತ್ತಿ ತಡೆದರು. ಡಾಕ್ಟರು ಮತ್ತೆ ಕೇಳಿದಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ತಾನು ಹೆತ್ತ ಮಗಳ ಹೆಸರು ಕೇಳಿದರೆ ಅದೂ ಬರಲಿಲ್ಲ. ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಗರಜು ಬೀಳುವುದಿಲ್ಲ. ಎಂದಿನಿಂದ ಹೆಸರುಗಳು ಉದುರುತ್ತಿದ್ದವೋ, ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಅದೇ ದಾರಿಯಲ್ಲಿ ಕಿರಣ ಮುಂದುವರಿಸಿದರೆ ಗಂಟು ಪೂರ್ತಿ ಹೋಗಬಹುದು, ಅದರ ಜೊತೆ ನಾವೂ ಅವಳ ತಲೆಯಿಂದ ಹೋಗಬಹುದು. ದಾರಿ ಬಾಗಿಸಿದರೆ ಆ ಜಾಗ ಉಳಿಯಬಹುದು, ಗಂಟಿನ ಚೂರೂ ಉಳಿಯಬಹುದು. ಗಂಟು ಹೋಗಲಿ ಎಂದು ನಾನು ಹಟ ಹಿಡಿದೆ. ಅಕ್ಕ ಕೇಳಲಿಲ್ಲ.

"ದಾರಿ ಬಾಗಸ್ರಿ," ಎಂದಳು. "ಇವ ಯಾರು ಅನ್ನೂದ ಮರತು, ಇನ್ನ ಹತ್ತು ವರ್ಷ ಯಾರನ್ನ ಬೈಕೋತ ಕುಂಡ್ರಲಿ?"

ದಾರಿ ಬಾಗಿಸಿದ್ದಾರೆ. ನಾಳೆ ಮೂರನೆಯ ಚಿತ್ರ. ಮುಂಜಾನೆಯಿಂದ ನನಗೆ ಅನ್ನ ಸೇರಿಲ್ಲ. ಚಪ್ಪಲಿ ಅದಲುಬದಲು ಹಾಕಿಕೊಂಡು ಓಣಿಯೆಲ್ಲ ತಿರುಗಿ ಬಂದೆ.

ನಿಮ್ಮ ಮನೆಯಲ್ಲಿ ಯಾರ ತಲೆಗಾದರೂ ಕರೆಂಟು ಕೊಡಿಸುತ್ತಿದ್ದರೆ, ನಗುನಗುತ್ತ ಮಾತಾಡುತ್ತಾರೆಂದು ನಿಶ್ಚಿಂತರಾಗಬೇಡಿ. ಮೊದಲೊಂದು, ಆಮೇಲೊಂದು ಚಿತ್ರ ತೆಗೆದು ಹೋಲಿಸಿ ನೋಡಬಹುದೇ ಎಂದು ಡಾಕ್ಟರನ್ನು ಕೇಳಿ. ಎದುರು ಕುಳಿತು ನಿಮ್ಮ ಹೆಸರನ್ನೂ ಕೇಳಿ. ಉತ್ತರ ಬಾರದಿದ್ದರೆ ಸಿಟ್ಟಾಗಬೇಡಿ, ಅವಸರಪಟ್ಟು ನೀವೇ ಹೇಳಿಕೊಡಲೂ ಬೇಡಿ.

ಈ ಪತ್ರವನ್ನು ಸಂಜೆ ಅಕ್ಕನಿಗೆ ಓದಿ ಹೇಳಬೇಕು. ಅದಕ್ಕೇ ಕೆಳಗೆ ಹೆಸರು ಬರೆದಿಲ್ಲ. ಜಾಗ ಬಿಟ್ಟಿದ್ದೇನೆ, ಅವಳು ಹೇಳಿದರೆ ಬರೆಯುತ್ತೇನೆ.

ಇಂತಿ ನಿಮ್ಮ,