ಸ್ವಯಂಸೇವೆ ಎಂದರೆ ಸೆಲ್ಫ್ ಸರ್ವಿಸ್ ಅಲ್ಲ, ಸಾಹೇಬರೇ

ನಗರಸಭೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಗಲ್ಲಿಯ ಮೂಲೆಯಲ್ಲಿರುವ ತಮ್ಮ ಹಳೆಯ ಕೊಠಡಿಗೆ ತಿಂಗಳ ಕೊನೆಗೆ ಬೀಗ ಹಾಕಲು ಆದೇಶಿಸಿದ್ದೀರಿ. ಪಾರ್ಶ್ವವಾಯು ಹೊಡೆದವರಿಗೂ ಮೂಳೆ ಮುರಿದವರಿಗೂ ಅಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಮೇಡಂ ‘ಸ್ವಯಂಸೇವಕರಾದ್ದರಿಂದ ಜಾಗ, ಪ್ರಯಾಣ ಇತ್ಯಾದಿಗಳನ್ನು ಸ್ವತಃ ನೋಡಿಕೊಳ್ಳತಕ್ಕದ್ದು’ ಎಂದಿದ್ದೀರಿ. ಓದಿ ಮೊದಲು ಸಿಟ್ಟು ಬಂತು. ಆಮೇಲೆ ಎಡವಟ್ಟು ಎಲ್ಲಿ ಆಗಿದೆಯೆಂದು ಹೊಳೆದು ನಗು ಬಂತು. ಹೋಟೆಲಿನ ಗೋಡೆಯ ಮೇಲೆ ‘ಸ್ವಯಂ ಸೇವೆ’ ಎಂಬ ಬೋರ್ಡು ಇರುತ್ತದಲ್ಲ, ತಟ್ಟೆ ನೀವೇ ಎತ್ತಿಕೊಳ್ಳಿ, ನೀರು ನೀವೇ ಹಿಡಿದುಕೊಳ್ಳಿ ಅಂತ? ತಾವು ಪಾಪ, ಮೇಡಂ ಅವರನ್ನೂ ಆ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೀರಿ! ಆದರೆ ಸ್ವಾಮಿ, ಆ ಹೋಟೆಲಿನಲ್ಲೂ ಅಡುಗೆಮನೆಯನ್ನು ಗಿರಾಕಿಯೇ ಹೊತ್ತು ತರಬೇಕೆಂದು ಯಾರೂ ಹೇಳುವುದಿಲ್ಲ.

ನಾನು ಇಸ್ತ್ರಿ ಅಂಗಡಿಯವನು. ಹೋದ ವರ್ಷ ನನ್ನ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ತಮ್ಮ ಕಚೇರಿ ಕೂಡಲೇ ಧಾವಿಸಿ ಬಂದು, ಗಾಲಿಕುರ್ಚಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಯಿತು. ನಮ್ಮ ಗಲ್ಲಿಯಲ್ಲಿ ಎದುರಿಗೆ ಬೆಕ್ಕು ಬಂದರೂ ಯಾರಾದರೊಬ್ಬರು ಹಿಂದೆ ಸರಿಯಬೇಕು; ಕುರ್ಚಿ ಹೊಸ್ತಿಲೇ ದಾಟಲಿಲ್ಲ. ಈಗ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಜೋಡಿಸಿಡುತ್ತೇನೆ. ತಮ್ಮ ಉಪಕಾರದಿಂದ ಶರಟುಗಳು ಸುಕ್ಕಾಗುತ್ತಿಲ್ಲ.

ಮೇಡಂ ಏನನ್ನೂ ಹಂಚಲಿಲ್ಲ. ಹೆಂಡತಿಯನ್ನು ಗೋಡೆಯ ಪಕ್ಕ ನಿಲ್ಲಿಸಿ ನನಗೆ ಹೇಳಿದರು: “ಹಿಡೀಬೇಡಿ. ಬೀಳೋ ಹಾಗಾದ್ರೆ ಮಾತ್ರ ಹಿಡೀರಿ.” ನಾನೋ ಪುಕ್ಕಲ, ಬಿಗಿಯಾಗಿ ಹಿಡಿದುಕೊಂಡೆ. “ರೀ, ಬಿಡ್ರೀ! ನಡೀತಿರೋದು ನಾನಾ, ನೀವಾ?” ಎಂದು ಗದರಿದಳು ನನ್ನಾಕೆ. ಅಷ್ಟು ದಿನ ತೊದಲುತ್ತಿದ್ದ ಬಾಯಿಂದ ಬಂದ ಮೊದಲ ಸ್ಪಷ್ಟ ಮಾತು ಅದು. ಬೈಸಿಕೊಂಡು ಖುಷಿಗೆ ಅತ್ತುಬಿಟ್ಟೆ. ಈಗ ಅವಳು ನಲ್ಲಿಯ ಹತ್ತಿರದ ಜಗಳಕ್ಕೂ ತಾನೇ ನಡೆದು ಹೋಗುತ್ತಾಳೆ.

ಇದು ನನ್ನೊಬ್ಬನ ಮನೆಯ ಸಂತೋಷವಾಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ನನ್ನ ನಾದಿನಿಯೂ ತರಕಾರಿ ಮಾರುವ ಅಕ್ಕನೂ ಮೇಡಂ ಹತ್ತಿರ ಈ ಕೆಲಸ ಕಲಿಯುತ್ತಿದ್ದಾರೆ. ಮೊನ್ನೆ ಅಕ್ಕ, ಸೊಂಟ ಮುರಿದಿದ್ದ ತಾತನನ್ನು ಎಬ್ಬಿಸುತ್ತಿದ್ದಳು. “ನಿಂಗೆ ತೂಕ ಗೊತ್ತು, ನಡಿಗೆ ಏನಮ್ಮ ಗೊತ್ತು?” ಎಂದು ತಾತ ಗೊಣಗಿದ. “ಎರಡು ಕಾಲಿಗೂ ಸಮ ತೂಕ ಬೀಳೋವರೆಗೂ ನಾನು ಬಿಡಲ್ಲ, ಏಳು ತಾತ!” ಮೇಡಂ ಕೈಕಟ್ಟಿ ನೋಡುತ್ತಿದ್ದರು, ಅಕ್ಕನ ಕೈ ತಪ್ಪಿದಲ್ಲಿ ಮಾತ್ರ ತಿದ್ದಿದರು. ಇಬ್ಬರದೂ ಇನ್ನೂ ಅರ್ಧ ಕಲಿಕೆ. ಅರ್ಧ ಕಲಿತ ಕೈಗೆ ತಾವು ತಮ್ಮ ಸೊಂಟ ಒಪ್ಪಿಸುತ್ತೀರಾ? ತಿಂಗಳ ಕೊನೆಗೆ ಬೀಗ ಬಿದ್ದರೆ ಅವರಿಬ್ಬರ ಕಲಿಕೆ ಅಲ್ಲಿಗೇ ನಿಂತುಹೋಗುತ್ತದೆ.

“ಪುಕ್ಕಟೆ ಮಾಡೋರಿಗೆ ಖರ್ಚು ಯಾಕ್ರೀ?” ಎಂದು ತಮ್ಮ ಗುಮಾಸ್ತರು ಕೇಳಿದರು. ಮೇಡಂ ತಮ್ಮ ವಿದ್ಯೆ ಕೊಟ್ಟಿದ್ದಾರೆ, ರಜಾದಿನ ಕೊಟ್ಟಿದ್ದಾರೆ. ಅದರ ಮೇಲೆ ಸೂರನ್ನೂ ಅವರೇ ಕೊಡಬೇಕೇ?

ಆದ್ದರಿಂದ ಆದೇಶ ವಾಪಸು ತೆಗೆದುಕೊಳ್ಳಿ. ಕೊಠಡಿಯೂ ಒಂದು ಬಸ್ ಪಾಸೂ ಇನ್ನೊಂದು ವರ್ಷ ಇರಲಿ. ಆಮೇಲೆ ಮೇಡಂ ನಮಗೆ ಬೇಡ. ಹೌದು, ಸರಿಯಾಗಿಯೇ ಓದಿದಿರಿ. ಬಂದ ದಿನವೇ ಅವರು ನಮ್ಮನ್ನು ಕೇಳಿಕೊಂಡಿದ್ದರು: “ನಾನಿಲ್ದೇನೂ ನಡಿಯೋ ಹಾಗೆ ಮಾಡ್ಕೊಳ್ಳಿ, ಅಷ್ಟು ಸಾಕು.” ಆ ದಿನ ಬಂದಾಗ ಅವರನ್ನು ನಾವೇ ಬಸ್ಸು ಹತ್ತಿಸಿ ಮುಂದಿನ ಗಲ್ಲಿಗೆ ಕಳಿಸುತ್ತೇವೆ. ಅಲ್ಲಿಯೂ ತಮ್ಮದೊಂದು ಕೊಠಡಿ ಖಾಲಿ ಬಿದ್ದಿದೆ, ನೋಡಿಕೊಂಡು ಬಂದಿದ್ದೇನೆ.

ಇಂತಿ,
ಈ ಪತ್ರ ತೀರಾ ಮೆತ್ತಗಾಯಿತೆಂದು ಹೆಂಡತಿಯಿಂದ ಬೈಸಿಕೊಂಡಿರುವ,
ಇಸ್ತ್ರಿ ಅಂಗಡಿಯವನು